ಎತ್ತಿನ ರೈಲು

ಸಾಧಾರಣ ಸಂವತ್ಸರ, ಜ್ಯೇಷ್ಠ ಶುದ್ಧ ಪಂಚಮಿ
ದುರ್ಗ

ಗಾಡಿ ಇವತ್ತು ಬಡಗಿಯ ಅಂಗಳದಿಂದ ಮನೆಯ ಮುಂದಕ್ಕೆ ಬಂತು. ನಾಲ್ಕೂ ಕಡೆ ನೆಟ್ಟಗೆ ನಿಂತ ಹಲಗೆ, ಮೇಲೆ ಮಟ್ಟಸವಾದ ತಗಡಿನ ಚಾವಣಿ, ಎರಡು ಕಿಟಕಿ, ಹಿಂದೆ ಬಾಗಿಲು, ಬಾಗಿಲಿಗೆ ಮೆಟ್ಟಿಲು. ಬೀರೂರಿನಲ್ಲಿ ರೈಲಿನ ಮೊದಲ ದರ್ಜೆಯ ಡಬ್ಬಿ ನೋಡಿಕೊಂಡು ಬಂದ ದಿನದಿಂದ ನಮ್ಮ ಯಜಮಾನರಿಗೆ ಇದೇ ಧ್ಯಾನವಾಗಿತ್ತು. ಆಕಾರವೂ ಅದೇ, ಬಣ್ಣವೂ ಅದೇ.

ಒಳಗೆ ಅವರು ತಲೆ ಬಗ್ಗಿಸದೆ ನಿಲ್ಲಬಲ್ಲರು. ಫೋಟೋ ಕೆಲಸಕ್ಕೆ ಕತ್ತಲೆ ಕೋಣೆ ಬೇಕು. ಗಾಜಿನ ಫಲಕಗಳನ್ನು ಅಲ್ಲೇ ತೊಳೆದು ಪಟ ಮೂಡಿಸಬೇಕು, ಅದು ಕೂತು ಮಾಡುವ ಕೆಲಸವಲ್ಲ ಎನ್ನುತ್ತಾರೆ. ಗಾಡಿಯ ಮುಂದಿನ ಅರ್ಧ ಆ ಕೋಣೆ. ಹಿಂದಿನ ಅರ್ಧದಲ್ಲಿ ನಮ್ಮ ಹಾಸಿಗೆ, ಪಾತ್ರೆ, ನನ್ನ ಟ್ರಂಕು. ಇನ್ನು ಮೇಲೆ ಜನ ಪಟ ತೆಗೆಸಿಕೊಳ್ಳಲು ದುರ್ಗಕ್ಕೆ ಬರಬೇಕಾಗಿಲ್ಲ, ನಾವೇ ಊರೂರಿಗೆ ಹೋಗುತ್ತೇವೆ. ಮನೆತನಸ್ಥ ಹೆಂಗಸರು ಪರಗಂಡಸಿನ ಮುಂದೆ ಕೂರಲು ಹಿಂಜರಿಯುತ್ತಾರೆ. ಪಕ್ಕದಲ್ಲಿ ಹೆಂಗಸೊಬ್ಬಳು ನಿಂತು ಸೆರಗು ಸರಿಮಾಡಿಕೊಟ್ಟರೆ ಕೂರುತ್ತಾರೆ. ಆದ್ದರಿಂದ ನಾನೂ ಹೊರಟಿದ್ದೇನೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಿರುವುದು ಇದೇ ಮೊದಲು.

ಎತ್ತುಗಳು ಐಮಂಗಲದಿಂದ ಅಪ್ಪ ಕಳಿಸಿದ ಜೋಡಿ, ಹೊನ್ನ ಮತ್ತು ಚೆನ್ನ. ಕರುಗಳಾಗಿದ್ದಾಗ ನನ್ನ ಕೈಯಿಂದಲೇ ಬೆಲ್ಲ ತಿಂದವು. ಗಾಡಿ ಹೊಡೆಯಲು ಅಪ್ಪನ ಹತ್ತಿಗಾಡಿಗಳ ಕಾಟಪ್ಪ ಬಂದಿದ್ದಾನೆ. ತಲೆ ನರೆತಿದೆ, ಮಾತು ಜಾಸ್ತಿ. ಗಾಡಿಯ ಸುತ್ತ ಬಂದು ನೋಡಿ, "ಅಮ್ಮಾರೆ, ಇದಕ್ಕೆ ಎತ್ತು ಕಟ್ಟಬೇಕೋ, ಬಾಗ್ಲಿಗೆ ತೋರಣ ಕಟ್ಟಬೇಕೋ?" ಅಂದ. ನಾನು ನಕ್ಕೆ. ಅವರು ನಗಲಿಲ್ಲ. ಇಷ್ಟು ಯೋಚಿಸಿ ಮಾಡಿಸಿರುವಾಗ ನಾನೂ ನಗಬಾರದಿತ್ತು.

ಜ್ಯೇಷ್ಠ ಶುದ್ಧ ದಶಮಿ
ಹೊಳಲ್ಕೆರೆಯ ದಾರಿ

ದುರ್ಗದ ಬೆಟ್ಟದ ಮರೆ ತಪ್ಪಿದ್ದೇ ತಡ, ಪಡುವಣ ಗಾಳಿ ಎದುರಾಯಿತು. ಈ ದಿನಗಳ ಗಾಳಿ ನಮಗೆ ಹೊಸದಲ್ಲ, ಒಣಹಾಕಿದ ಬಟ್ಟೆಯ ಮೇಲೆ ಕಲ್ಲಿಟ್ಟೇ ಬೆಳೆದವರು. ಆದರೆ ಅದು ಗಾಡಿಯನ್ನು ಹೀಗೆ ಹಿಡಿಯುತ್ತದೆಂದು ಎಣಿಸಿರಲಿಲ್ಲ. ಮುಂದಿನ ಎತ್ತರದ ಹಲಗೆಗೆ ಗಾಳಿ ಬಡಿದಾಗ ಗಾಡಿ ಹಿಂದಕ್ಕೆ ವಾಲುತ್ತದೆ. ನೊಗ ಕಟ್ಟುವ ಉದ್ದನೆಯ ಮರ, ಮೂಕಿ, ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲು ಬಿಟ್ಟು ಎದ್ದು ಕೊರಳ ಹಗ್ಗ ಗಂಟಲನ್ನು ಹಿಸುಕುತ್ತದೆ. ಪಾಪ, ಅವು ಎಳೆಯಬೇಕೋ ಉಸಿರಾಡಬೇಕೋ. ಕಾಟಪ್ಪ ಮೂಕಿಯ ತುದಿಗೆ ಜರುಗಿ, ತನ್ನ ಭಾರ ಹಾಕಿ ಅದನ್ನು ಅದುಮಿಕೊಂಡೇ ಕೂತಿದ್ದ. ಏರು ಬಂದಲ್ಲೆಲ್ಲ ನಾನು ಇಳಿದು ನಡೆದೆ.

ಎತ್ತುಗಳಿಗೆ ದೃಷ್ಟಿಯಾಗಿದೆ ಎಂದು ಕಾಟಪ್ಪ ಕೊರಳಿಗೆ ಕರಿಯ ಕಂಬಳಿ ದಾರ ಕಟ್ಟಿದ್ದಾನೆ. ಅವು ಸೋಂಬೇರಿಗಳು, ಮಾವನವರು ಮುದ್ದು ಮಾಡಿ ಕೆಡಿಸಿದ್ದಾರೆ ಎಂದು ಇವರು ಬಾರುಕೋಲು ತೆಗೆದುಕೊಂಡರು. ಹೊನ್ನನ ಬೆನ್ನಿನ ಮೇಲೆ ಬರೆ ಎದ್ದಿದೆ.

ಒಂದೇ ಹಗಲಿನಲ್ಲಿ ಮುಟ್ಟುತ್ತೇವೆ ಎಂದುಕೊಂಡಿದ್ದ ಊರು ಇನ್ನೂ ದೂರವಿದೆ. ಹುರುಳಿ ಬೇಯಿಸಿ ಇಟ್ಟರೆ ಬಾನಿಯನ್ನು ನೆಕ್ಕಿ ಮತ್ತೆ ನನ್ನ ಮುಖ ನೋಡಿದವು. ಇನ್ನಷ್ಟು ಹಾಕಿದೆ. ಗಾಳಿಯ ಬಿರುಸು ಇಳಿಯಲಿ ಎಂದು ಮುರುಘಾ ಮಠದ ಶಾಂತವೀರ ಸ್ವಾಮಿಗಳನ್ನು ನೆನೆದೆ. ನಮ್ಮ ಯಜಮಾನರ ಶ್ರಮಕ್ಕೆ ಫಲ ಸಿಗಲಿ.

ಜ್ಯೇಷ್ಠ ಶುದ್ಧ ದ್ವಾದಶಿ
ಹೊಳಲ್ಕೆರೆ

ಎಷ್ಟು ಜನ! ಗಾಡಿ ಊರ ಬಾಗಿಲಿಗೆ ಬರುವ ಮೊದಲೇ ಮಕ್ಕಳು "ಎತ್ತಿನ ರೈಲು ಬಂತು" ಎಂದು ಕೂಗುತ್ತ ಓಡಿಬಂದವು. ಇಡೀ ಪೇಟೆ ಸೇರಿತು. ಮೆಟ್ಟಿಲು ಹತ್ತಿ ಒಳಗೆ ಇಣುಕುವುದೇ ಒಂದು ಸಂಭ್ರಮ. ಹಾಗೆ ಇಣುಕಿದವರಲ್ಲಿ ಅರ್ಧ ಜನ ಪಟಕ್ಕೆ ಕೂತರು. ಮಹಾದೇವಮ್ಮ ಎಂಬ ಮುದುಕಿ ಮೂವರು ಸೊಸೆಯರನ್ನೂ ಕರೆತಂದು, ನಾನು ನಿಲ್ಲುತ್ತೇನೆಂದ ಮೇಲೆ ಎಲ್ಲರನ್ನೂ ಕೂರಿಸಿದಳು. ಆಮೇಲೆ ನನಗೆ ಮಕ್ಕಳೆಷ್ಟು ಎಂದು ಕೇಳಿ, ಉತ್ತರ ಕೇಳಿದ ಮೇಲೆ ನನ್ನ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳದೆ ಹೋದಳು.

ದಾರಿಯ ಕಷ್ಟ ನೆನೆದು, ಗಾಡಿಯ ಎತ್ತರ ಸ್ವಲ್ಪ ಇಳಿಸಿದರೆ ಹೇಗೆ ಎಂದೆ. ಅವರು ಸಿಟ್ಟಾಗಲಿಲ್ಲ, ಮಗುವಿಗೆ ತಿಳಿಹೇಳುವಂತೆ ಹೇಳಿದರು. "ಜನ ಬಂದಿದ್ದು ಪಟಕ್ಕಲ್ಲ ಕಣೆ, ಗಾಡಿಗೆ. ಎಲ್ಲರ ಗಾಡಿ ಇದ್ದಂಗೆ ಇದ್ದಿದ್ರೆ ಯಾವನು ತಿರುಗಿ ನೋಡ್ತಿದ್ದ?"

ಅದೂ ನಿಜ. ನಾನು ಕಣ್ಣಾರೆ ನೋಡಿದೆ.

ಒಂದು ತಿಂಗಳಿಗೆಂದು ಕಟ್ಟಿಕೊಂಡು ಬಂದ ಹುರುಳಿಯ ಚೀಲ ಈಗಲೇ ಬರಿದಾಗುತ್ತ ಬಂದಿದೆ.

ಜ್ಯೇಷ್ಠ ಹುಣ್ಣಿಮೆ
ಹೊರಕೆರೆದೇವಪುರ

ಇವತ್ತು ಕಾರಹುಣ್ಣಿಮೆ. ಬೆಳಿಗ್ಗೆ ಕಾಟಪ್ಪನೂ ನಾನೂ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದೆವು. ಹಗ್ಗ ಬಿಗಿದ ಜಾಗದಲ್ಲಿ ಕೊರಳ ಕೂದಲು ಉದುರಿ ತೊಗಲು ಕೆಂಪಗಾಗಿದೆ. ಅದಕ್ಕೆ ಎಣ್ಣೆ ಅರಿಶಿನ ಸವರಿದೆ.

ಊರಿನವರೆಲ್ಲ ತಮ್ಮ ತಮ್ಮ ಎತ್ತುಗಳನ್ನು ಮೆರೆಸಲು ಬಯಲಿಗೆ ಹೊರಟಾಗ ಅವರು ಬಂದು ಗಾಡಿ ಕಟ್ಟು ಎಂದರು.

"ಇವತ್ತು ನೊಗ ಹೇರಬಾರ್ದು ಕಣ್ರಿ," ಎಂದೆ.

"ಸುತ್ತಲ ಹಳ್ಳಿ ಜನ ಸೇರೋದೇ ಇವತ್ತು. ನಾಳೆ ಯಾವನು ಬರ್ತಾನೆ?"

ಕಾಟಪ್ಪ ತಲೆ ತಗ್ಗಿಸಿ ನಿಂತ. ಆಮೇಲೆ ಅವನೇ ಕಟ್ಟಿದ. ವರ್ಷಕ್ಕೊಂದು ದಿನ ನೊಗವಿಲ್ಲದ ಎತ್ತುಗಳ ನಡುವೆ ನಮ್ಮವು ಮಾತ್ರ ರೈಲು ಎಳೆದವು. ಊರಿನ ಮುದುಕರೊಬ್ಬರು ಗಾಡಿ ನೋಡಲಿಲ್ಲ, ಎತ್ತುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪಟಕ್ಕೆ ಬಹಳ ಜನ ಬಂದರು.

ಜ್ಯೇಷ್ಠ ಬಹುಳ ಪಂಚಮಿ

ನೊಗ ಮೇಲೇಳುವುದು ಮುಂದೆ ಭಾರ ಸಾಲದ್ದಕ್ಕೆ ಎಂದು ನನಗೆ ತೋಚಿತು. ಮೊನ್ನೆ ಅವರಿಲ್ಲದಾಗ ಗಾಜಿನ ಫಲಕಗಳ ಪೆಟ್ಟಿಗೆಯನ್ನೂ ನೀರಿನ ಪೀಪಾಯಿಯನ್ನೂ ಮುಂದಕ್ಕೆ ಜರುಗಿಸಿದೆ. ಗಾಳಿಯಲ್ಲಿ ನೊಗ ಏಳಲಿಲ್ಲ. ನನಗೆ ಒಳಗೊಳಗೇ ಹಿಗ್ಗಾಯಿತು. ಆದರೆ ಮಧ್ಯಾಹ್ನ ಗಾಳಿ ನಿಂತಾಗ ಅಷ್ಟೂ ಭಾರ ಎತ್ತುಗಳ ಹೆಗಲ ಮೇಲೆ ಕೂತಿತು. ಇವತ್ತು ಚೆನ್ನನ ಹೆಗಲು ಒಡೆದು ನೀರು ಬರುತ್ತಿದೆ. ಇದು ನನ್ನ ಕೈಯಿಂದಾದ ಗಾಯ.

ಪೆಟ್ಟಿಗೆಯಲ್ಲಿ ಎರಡು ಫಲಕಗಳು ಬಿರುಕು ಬಿಟ್ಟಿದ್ದವು. ಜರುಗಿಸಿದ್ದು ಯಾರೆಂದು ಕೇಳಿದರು. ಹೇಳಿದೆ. ಕಾಟಪ್ಪನ ಎದುರಿಗೇ ಹೊಡೆದರು.

ಜ್ಯೇಷ್ಠ ಬಹುಳ ಷಷ್ಠಿ

ಬರೆಯಲು ಏನೂ ಇಲ್ಲ.

ಜ್ಯೇಷ್ಠ ಬಹುಳ ದ್ವಾದಶಿ
ಹೊಸದುರ್ಗ

ಹೊನ್ನ ಇಲ್ಲ.

ನಿನ್ನೆ ಹೊಸದುರ್ಗದ ದಾರಿ ತೆಂಕಣಕ್ಕೆ ತಿರುಗಿತು. ಗಾಳಿ ಇನ್ನು ಎದುರಿಗಿರುವುದಿಲ್ಲ, ಬಲಮಗ್ಗುಲಿಗೆ ಬರುತ್ತದೆ, ಎತ್ತುಗಳಿಗೆ ಸುಖ ಎಂದುಕೊಂಡೆವು. ಗಿಡಮರ ಒಂದೂ ಇಲ್ಲದ ಎರೆಹೊಲಗಳ ನಡುವೆ ಗಾಡಿಯ ಇಡೀ ಪಕ್ಕ ಗಾಳಿಗೆ ಸಿಕ್ಕಿತು. ಅಷ್ಟುದ್ದದ ಹಲಗೆ, ಅಷ್ಟೆತ್ತರ. ಎಡಗಡೆಯ ಚಕ್ರ ಮಾತ್ರ ನೆಲ ಕೊರೆಯುತ್ತಿತ್ತು, ಬಲಗಡೆಯದು ಆಗಾಗ ತೇಲುತ್ತಿತ್ತು. ಹಿಂದೆ ನಡೆದು ಬರುತ್ತಿದ್ದ ನಾನು ಅದನ್ನು ನೋಡಿ ಗಾಡಿ ನಿಲ್ಲಿಸು ಎಂದು ಕೂಗಿದೆ. ಗಾಳಿ ನನ್ನ ಮಾತನ್ನು ಹೊತ್ತುಕೊಂಡು ಹೋಯಿತು. ಎಡಚಕ್ರ ತಗ್ಗಿಗೆ ಇಳಿಯಿತು, ಅದೇ ಹೊತ್ತಿಗೆ ಬಿರುಗಾಳಿಯೊಂದು ಬಂತು. ಗಾಡಿ ನಿಧಾನವಾಗಿಯೇ ಮಗುಚಿತು, ಯಾರೋ ಮಗ್ಗುಲು ಬದಲಾಯಿಸಿದ ಹಾಗೆ. ಮೂಕಿ ತಿರುಚಿ ನೊಗ ನೆಟ್ಟಗೆ ನಿಂತಿತು. ಕೆಳಗಾದವನು ಹೊನ್ನ.

ಕಾಟಪ್ಪ ಕುಡುಗೋಲಿನಿಂದ ಕೊರಳ ಹಗ್ಗ ಕೊಯ್ದ. ಅಷ್ಟರಲ್ಲಿ ಕತ್ತು ಮುರಿದಿತ್ತು. ಕಣ್ಣು ಮಾತ್ರ ಸ್ವಲ್ಪ ಹೊತ್ತು ನನ್ನ ಮೇಲೇ ಇತ್ತು.

ಅವರು ಒಳಗಿದ್ದರು. ಕಿಟಕಿಯಿಂದ ಹತ್ತಿ ಹೊರಗೆ ಬಂದರು, ಕೈಗೆ ಪಟ ತೊಳೆಯುವ ಔಷಧಿ ಚೆಲ್ಲಿ ಚರ್ಮ ಸುಲಿದಿತ್ತು. ಬಂದವರು ಮೊದಲು ಕೂಗಿದ್ದು, "ಕ್ಯಾಮೆರಾ ನೋಡ್ರೋ." ಅದನ್ನು ಇಲ್ಲಿ ಬರೆದಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನೇ ಅದನ್ನು ಮರೆತು, ಅವರು ಎತ್ತನ್ನು ಕೇಳಿದರೆಂದು ನೆನೆದುಕೊಳ್ಳಬಹುದು.

ಫಲಕಗಳೆಲ್ಲ ಪುಡಿಯಾದವು. ಅವುಗಳ ಮೇಲಿದ್ದ ಮಹಾದೇವಮ್ಮನೂ ಅವಳ ಮೂವರು ಸೊಸೆಯರೂ ಹೋದರು.

ಹತ್ತಿರದ ಹಳ್ಳಿಯವರು ಬಂದು ಗುಂಡಿ ತೋಡಿದರು. ವಿಭೂತಿ ಹಚ್ಚಿ ಮಣ್ಣು ಮಾಡಿದೆವು. ವಾಪಸು ಬಂದು ಕೂತಾಗ ಅವರು, "ನಿಮ್ಮಪ್ಪ ಗಟ್ಟಿ ಎತ್ತು ಕೊಟ್ಟಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದರು. ನಾನು ಅವರ ಸುಟ್ಟ ಕೈಗೆ ಬೆಣ್ಣೆ ಹಚ್ಚುತ್ತಿದ್ದೆ. ಹಚ್ಚುವುದನ್ನು ನಿಲ್ಲಿಸಲಿಲ್ಲ.

ಜ್ಯೇಷ್ಠ ಅಮಾವಾಸ್ಯೆ
ಹೊಸದುರ್ಗ

ಮಣ್ಣೆತ್ತಿನ ಅಮಾವಾಸ್ಯೆ. ನಾವು ಇಳಿದುಕೊಂಡಿರುವ ಮಠದ ಅಂಗಳದಲ್ಲಿ ಮಕ್ಕಳು ಮಣ್ಣಿನ ಎತ್ತು ಮಾಡಿ ಸಾಲಾಗಿ ಇಟ್ಟಿವೆ. ಜೋಳದ ಕಾಳಿನ ಕಣ್ಣು. ಎಲ್ಲ ಮನೆಗಳಿಂದ ಅವಕ್ಕೆ ಎಡೆ ಬಂತು.

ಅವರು ಹೊಸದುರ್ಗ ರೋಡ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದರು. ಬೆಂಗಳೂರಿನಲ್ಲಿ ಫಲಕ, ಔಷಧಿ ಕೊಂಡು, ಬರುವಾಗ ಒಂದು ಎತ್ತನ್ನೂ ತರುತ್ತಾರಂತೆ. ಮುರಿದ ಹಲಗೆಗಳನ್ನು ಬದಲಾಯಿಸಿ, ಗಾಡಿ ಮೊದಲು ಇದ್ದಂತೆಯೇ ಆಗಿರಬೇಕೆಂದು ಇಲ್ಲಿನ ಆಚಾರಿಗೆ ಹೇಳಿ ಹೋಗಿದ್ದಾರೆ. ನಾನು ಸಾಮಾನು ಕಾಯಬೇಕು.

ಆಷಾಢ ಶುದ್ಧ ಸಪ್ತಮಿ

ಅಂಗಳದಲ್ಲಿ ಹುರುಳಿ ಕೇರುತ್ತಿದ್ದೆ. ಮೊರವನ್ನು ಗಾಳಿಗೆ ನೆಟ್ಟಗೆ ಹಿಡಿದರೆ ಅದು ನನ್ನನ್ನೇ ಹಿಂದಕ್ಕೆ ತಳ್ಳುತ್ತದೆ, ಮಣಿಕಟ್ಟು ನೋಯುತ್ತದೆ. ಸ್ವಲ್ಪ ಓರೆ ಮಾಡಿದರೆ ಗಾಳಿ ಮೇಲಿನಿಂದ ಜಾರಿ ಹೋಗುತ್ತದೆ, ಎರಡು ಬೆರಳಿನಲ್ಲಿ ಹಿಡಿಯಬಹುದು. ಹುಟ್ಟಿದಾಗಿನಿಂದ ಕೇರುತ್ತಿದ್ದೇನೆ, ಇದು ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಕೇರುವುದನ್ನು ಬಿಟ್ಟು ಬಹಳ ಹೊತ್ತು ಮೊರವನ್ನು ಹಾಗೂ ಹೀಗೂ ತಿರುಗಿಸುತ್ತ ನಿಂತಿದ್ದೆ. ಮಠದ ಅಡಿಗೆಯವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆಮೇಲೆ ಆಚಾರಿಯ ಹತ್ತಿರ ಹೋದೆ. ಗಾಡಿಯ ಎತ್ತರವನ್ನು ಕೂತವರ ತಲೆಯ ಮಟ್ಟಕ್ಕೆ ಇಳಿಸು, ತಗಡು ತೆಗೆದು ಬಿದಿರ ಕಮಾನು ಕಟ್ಟು, ಮುಂದಿನ ಹಲಗೆಯನ್ನು ಮೊರದ ಹಾಗೆ ಓರೆ ಮಾಡು ಎಂದೆ. ಯಜಮಾನರು ಬೇರೆ ಹೇಳಿದ್ದಾರಲ್ಲ ಎಂದು ಅವನು ತಲೆ ಕೆರೆದುಕೊಂಡ. ಯಜಮಾನರೇ ಹೇಳಿಕಳಿಸಿದ್ದಾರೆ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ತಿಳಿದಿರಲಿಲ್ಲ.

ಆಷಾಢ ಹುಣ್ಣಿಮೆ

ಮಠದವರ ಎತ್ತೊಂದನ್ನು ಚೆನ್ನನ ಜೊತೆಗೆ ಕಟ್ಟಿ, ಪಡುವಣ ದಾರಿಯಲ್ಲಿ ಗಾಳಿಗೆ ಎದುರಾಗಿ ಹೊಡೆಸಿ ನೋಡಿದೆ. ನೊಗ ಏಳಲಿಲ್ಲ. ಆದರೂ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗುವಂತಿತ್ತು. ಇಳಿದು ಹಿಂದೆ ನಿಂತು ನೋಡಿದೆ. ಹಿಂದಿನ ಚಪ್ಪಟೆ ಹಲಗೆಯ ಮರೆಯಲ್ಲಿ ಧೂಳೂ ಹುಲ್ಲಿನ ಎಸಳೂ ಸುತ್ತುತ್ತ ಅಲ್ಲೇ ಅಂಟಿಕೊಂಡಂತೆ ಬರುತ್ತಿದ್ದವು. ಮುಂದೆ ಜಾರಿಹೋದ ಗಾಳಿ ಹಿಂದೆ ಬಂದು ಸುಳಿಯಾಗುತ್ತದೆ. ಕೆರೆಯ ಮೀನಿಗೆ ತಲೆ ಮೊಂಡಾಗಿದ್ದರೂ ಬಾಲ ಸಣ್ಣಗಿರುತ್ತದೆ.

ಹಿಂದಿನ ಭಾಗವನ್ನೂ ಚಾಪೆ ಕಟ್ಟಿ ಸಣ್ಣಗೆ ಮಾಡಲು ಹೇಳಿದೆ. ಆಚಾರಿ ಈಗ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾನೆ.

ಕತ್ತಲೆ ಕೋಣೆ ಹೋಯಿತಲ್ಲ ಎಂದು ಯೋಚಿಸಿ, ಎರಡು ಪದರದ ಕರಿ ಬಟ್ಟೆಯಿಂದ ಒಂದು ಡೇರೆ ಹೊಲಿಯುತ್ತಿದ್ದೇನೆ. ಬೇಕಾದ ಕಡೆ ಕೋಲು ನೆಟ್ಟು ಕಟ್ಟಿದರೆ ಅವರು ಅದರೊಳಗೆ ನಿಂತೇ ಕೆಲಸ ಮಾಡಬಹುದು.

ಆಷಾಢ ಬಹುಳ ಪಂಚಮಿ

ಇವತ್ತು ಮತ್ತೆ ಅದೇ ದಾರಿ, ಅದೇ ಗಾಳಿ. ಕಾಟಪ್ಪ ಮೂಕಿಯ ತುದಿಗೆ ಜರುಗಲೇ ಇಲ್ಲ, ಇದ್ದಲ್ಲೇ ಕೂತು ಹಾಡು ಹೇಳಿಕೊಂಡು ಹೋದ. ವಾಪಸು ಬಂದು, "ಗಾಡಿ ಹಿಂದೆ ಐತೋ ಇಲ್ವೋ ಅಂತ ಎರಡು ಸಲ ತಿರುಗಿ ನೋಡ್ದೆ ಅಮ್ಮಾರೆ," ಅಂದ.

ಚೆನ್ನ ಬಾನಿಯಲ್ಲಿ ಹುರುಳಿ ಉಳಿಸಿದ್ದಾನೆ. ಹೊರಟಾಗಿನಿಂದ ಇದೇ ಮೊದಲು. ಕೈಹಾಕಿ ನೋಡಿದೆ, ಒಂದು ಹಿಡಿಗಿಂತ ಹೆಚ್ಚಿತ್ತು. ಅಲ್ಲೇ ಕೂತು ಅತ್ತೆ. ಹೊನ್ನ ಬದುಕಿದ್ದಾಗಲೇ ಹುರುಳಿ ಕೇರಬಾರದಿತ್ತೇ ನಾನು, ಹೊರಗೆ, ಗಾಳಿಯಲ್ಲಿ.

ಆಷಾಢ ಬಹುಳ ದಶಮಿ

ಬೆಂಗಳೂರಿನಿಂದ ನನ್ನ ಗಂಡ ಗಂಗಾಧರಪ್ಪನವರು ಬಂದರು. ಜೊತೆಗೆ ಬೂದಬಣ್ಣದ ಹೊಸ ಎತ್ತು. ಅಂಗಳದಲ್ಲಿ ಗಾಡಿ ನೋಡಿ ನಿಂತರು. ಮಠದ ಜನ, ಆಚಾರಿ, ಅಡಿಗೆಯವಳು, ಎಲ್ಲರೂ ಇದ್ದರು.

"ಯಾರು ಹೇಳಿದ್ದು ಇದನ್ನ?"

ನಾನು ಎಂದೆ. ಬಗ್ಗಿ ಒಳಗೆ ಹೋದರು, ಕಮಾನಿಗೆ ತಲೆ ತಾಗಿತು, ಹೊರಗೆ ಬಂದರು. ಹೊಡೆಯುತ್ತಾರೆ ಎಂದು ನಿಂತಿದ್ದೆ. ಆದರೆ ಅವರು ನಕ್ಕರು, ಎಲ್ಲರಿಗೂ ಕೇಳುವ ಹಾಗೆ. "ಕೋಳಿಗೂಡು ಕಟ್ಟಿಸಿದ್ದೀಯಲ್ಲೇ." ಉಳಿದವರೂ ನಕ್ಕರು. ಹೊಡೆದಿದ್ದರೆ ಒಳ್ಳೆಯದಿತ್ತು.

ಡೇರೆಯನ್ನು ಬಿಚ್ಚಿಯೂ ನೋಡಲಿಲ್ಲ. ಅದನ್ನು ಈಗ ಎತ್ತಿನ ಮೇಲೆ ಹೊದಿಸಿದ್ದೇನೆ.

ಶ್ರಾವಣ ಶುದ್ಧ ಷಷ್ಠಿ
ಹಿರಿಯೂರು

ಮತ್ತೆ ಕಟ್ಟಿಸಲು ಕೈಯಲ್ಲಿ ದುಡ್ಡಿಲ್ಲವೆಂದು ಇದೇ ಗಾಡಿಯಲ್ಲಿ ಹೊರಟೆವು, ಹೊಸದುರ್ಗದಿಂದ ಮಾರಿಕಣಿವೆಗೆ, ಅಲ್ಲಿಂದ ಹಿರಿಯೂರಿಗೆ. ಎತ್ತುಗಳು ಎಲ್ಲಿಯೂ ನಿಲ್ಲಲಿಲ್ಲ, ಬಾರುಕೋಲು ಗೂಟದಲ್ಲೇ ನೇತಾಡಿಕೊಂಡು ಬಂತು. ಎಂದುಕೊಂಡಿದ್ದಕ್ಕಿಂತ ಬೇಗ ಮುಟ್ಟಿದ್ದೇವೆ, ಹುರುಳಿಯ ಚೀಲ ಇನ್ನೂ ತುಂಬಿಕೊಂಡಿದೆ. ಆದರೆ ಯಾವ ಊರಿನಲ್ಲೂ ಮಕ್ಕಳು ಓಡಿಬರಲಿಲ್ಲ. ಮಾರಿಕಣಿವೆಯಲ್ಲಿ ಕಟ್ಟೆಯ ನೀರು ನೋಡಲು ಬಂದ ಜನ ನಮ್ಮನ್ನು ಯಾರೋ ದಿಬ್ಬಣದವರು ಎಂದುಕೊಂಡು ದಾರಿ ಬಿಟ್ಟರು. ಪಟಕ್ಕೆ ಕೂತವರು ಬೆರಳೆಣಿಕೆ. ಇದರಲ್ಲಿ ಗಂಗಾಧರಪ್ಪನವರ ಮಾತು ನಿಜವಾಯಿತು. ನಾನು ಅದನ್ನು ಒಪ್ಪಿಕೊಂಡು ಅವರಿಗೆ ಹೇಳಿದೆ ಕೂಡ.

ಇವತ್ತು ಪೇಟೆಯಲ್ಲಿ ಹತ್ತಿ ವ್ಯಾಪಾರದ ಪರಮೇಶ್ವರಪ್ಪ ಎಂಬುವರು ಗಾಡಿಯ ಸುತ್ತ ಬಂದು, ಇಷ್ಟು ದೂರದಿಂದ ಬಂದ ಎತ್ತುಗಳು ಹೀಗೆ ದಣಿವಿಲ್ಲದೆ ನಿಂತಿವೆಯಲ್ಲ, ಈ ಕಮಾನಿನ ಉಪಾಯ ಯಾರದ್ದು ಎಂದು ಕೇಳಿದರು. ನಾನು ಒಳಗೆ ಚಾಪೆಯ ಈಚೆ ಕೂತಿದ್ದೆ.

"ನಂದೇ," ಎಂದ ಗಂಗಾಧರಪ್ಪ. "ಗಾಳಿ ನೋಡ್ಕಂಡು ಇಳಿಸ್ದೆ."

ಪರಮೇಶ್ವರಪ್ಪನವರು ತಮ್ಮ ಗಾಡಿಗಳಿಗೂ ಹಾಗೆ ಮಾಡಿಸುತ್ತೇನೆಂದು ಅಳತೆ ತೆಗೆದುಕೊಂಡರು. ಕೆಲವು ಎತ್ತುಗಳಿಗಾದರೂ ಆಯಿತು.

ಶ್ರಾವಣ ಶುದ್ಧ ದ್ವಾದಶಿ
ಐಮಂಗಲ

ಅಪ್ಪನ ಮನೆ. ಮುಂದಿನ ತಿರುಗಾಟ ದಾವಣಗೆರೆಯ ಕಡೆಗೆ. ಅಲ್ಲಿ ಗಂಗಾಧರಪ್ಪ ಹೊಸ ಡಬ್ಬಿ ಕಟ್ಟಿಸುತ್ತಾನಂತೆ, ಮೊದಲಿನದಕ್ಕಿಂತ ಎತ್ತರ, ಎರಡು ಜೋಡಿ ಎತ್ತು. ಬೆಳಿಗ್ಗೆ ಕೊಟ್ಟಿಗೆಗೆ ಬಂದು ಕಾಟಪ್ಪನಿಗೆ, ಚೆನ್ನನನ್ನು ಬಿಚ್ಚು ಎಂದ.

"ಚೆನ್ನನ್ನ ಕೊಡೋದಿಲ್ಲ," ಎಂದೆ.

"ಏನಂದೆ?"

"ಹೊಸ ಗಾಡಿ ಹೆಂಗಾದ್ರೂ ಕಟ್ಟಿಸ್ಕಳ್ರಿ. ಈ ಎತ್ತನ್ನ ಅದಕ್ಕೆ ಹೂಡೋದಿಲ್ಲ."

ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನು ಸುಮ್ಮನಿರು ಎನ್ನುವಂತೆ ನೋಡಿದರು. ಗಂಗಾಧರಪ್ಪ ಅವರನ್ನು ನೋಡಿ, ಮಗಳಿಗೆ ಕಲಿಸಿದ್ದು ಇದೇನಾ ಎಂದ. ಅಪ್ಪ ಕೈಮುಗಿದರು. ಕೈಮುಗಿದದ್ದನ್ನು ನಾನು ನೋಡಿದೆ.

"ಎತ್ತಿನ ಜೊತೆಗೆ ನೀನೂ ಇಲ್ಲೇ ಇರು ಹಂಗಾದ್ರೆ. ಆ ಕೋಳಿಗೂಡೂ ನಿಂದೇ."

ಇರುತ್ತೇನೆ ಎಂದೆ. ಹೊಸ ಎತ್ತು ಬೂದನನ್ನು ಹಿಡಿದುಕೊಂಡು, ಬಾಡಿಗೆ ಗಾಡಿಯಲ್ಲಿ ಕ್ಯಾಮೆರಾ ಇಟ್ಟು ಹೊರಟ. ಕಾಟಪ್ಪ ಅವನ ಜೊತೆ ಹೋದ. ಅವನಿಗೂ ಹೊಟ್ಟೆಪಾಡು.

ಶ್ರಾವಣ ಅಮಾವಾಸ್ಯೆ

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತಿಗೆ ದ್ಯಾಮಮ್ಮ ಬಿಟ್ಟಿಲ್ಲ. ಗಂಡ ಮೇಲೋ ಎತ್ತು ಮೇಲೋ ಎಂದು ದಿನಾ ಕೇಳುತ್ತಾಳೆ, ನೀರಿಗೆ ಬಂದವರೆದುರು ಕೇಳುತ್ತಾಳೆ. ಮೊದಮೊದಲು ಉತ್ತರ ಹುಡುಕುತ್ತಿದ್ದೆ. ಈಗ ಕೊಡ ತುಂಬಿಕೊಂಡು ಬರುತ್ತೇನೆ.

ಭಾದ್ರಪದ ಶುದ್ಧ ನವಮಿ

ನಮ್ಮ ಹೊಲಕ್ಕೆ ಕೂಲಿಗೆ ಬರುವ ಕೆಂಚಕ್ಕನಿಗೆ ನಿನ್ನೆಯಿಂದ ಹೆರಿಗೆ ನೋವು, ಕೂಸು ಅಡ್ಡ ನಿಂತಿದೆ, ಹಿರಿಯೂರಿನ ಆಸ್ಪತ್ರೆಗೇ ಆಗಬೇಕು ಎಂದು ಸೂಲಗಿತ್ತಿ ಕೈಬಿಟ್ಟಳು. ಗಾಡಿಗಳೆಲ್ಲ ಸಂತೆಗೆ ಹೋಗಿದ್ದವು. ಅವಳ ಗಂಡ ಜುಂಜಣ್ಣ ಬಂದು ಅಂಗಳದಲ್ಲಿ ನಿಂತ, ಬಾಯಿ ಬಿಟ್ಟು ಕೇಳಲಿಲ್ಲ. ಅಪ್ಪನ ಒಂದು ಎತ್ತನ್ನು ಕೇಳದೆಯೇ ಬಿಚ್ಚಿ ಚೆನ್ನನ ಜೊತೆಗೆ ಕಟ್ಟಿದೆ. ಜುಂಜಣ್ಣ ಗಾಡಿ ಹೊಡೆದ, ನಾನು ಒಳಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಡ್ಡಗಾಳಿ ಜೋರಾಗಿತ್ತು. ಗಾಡಿ ಅಲುಗಲಿಲ್ಲ. ಕಮಾನಿನ ಮೇಲೆ ಅದು ಹಾದುಹೋಗುವ ಸದ್ದು ಮಾತ್ರ ಕೇಳುತ್ತಿತ್ತು.

ಕೂಸು ಉಳಿಯಲಿಲ್ಲ. ಕೆಂಚಕ್ಕ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಅವಳೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಬರುವಾಗ ಎದುರುಗಾಳಿ. ಎತ್ತುಗಳು ತಲೆ ತಗ್ಗಿಸದೆ ಬಂದವು.

ಮೈಲಿಗೆಯೆಂದು ದ್ಯಾಮಮ್ಮ ನನ್ನ ತಟ್ಟೆಯನ್ನು ಹಿತ್ತಲಲ್ಲಿಟ್ಟಿದ್ದಾಳೆ. ಹಿತ್ತಲಲ್ಲೇ ಉಂಡೆ. ಹಸಿವಾಗಿತ್ತು.

ಆಶ್ವಯುಜ ಶುದ್ಧ ತದಿಗೆ

ಗಾಳಿ ಪೂರ್ತಿ ಬಿದ್ದಿದೆ. ಬೆಳಿಗ್ಗೆ ಕಾಟಪ್ಪ ಬಂದ. ಸೊರಗಿದ್ದಾನೆ, ಮಾತೂ ಕಡಿಮೆಯಾಗಿದೆ. ಮಜ್ಜಿಗೆ ಕೊಟ್ಟು ಕೂರಿಸಿದೆ.

ಗಂಗಾಧರಪ್ಪನಿಗೆ ಕೈತುಂಬ ಕೆಲಸವಂತೆ. ದಾವಣಗೆರೆಯಲ್ಲಿ ಹೊಸ ರೈಲು ನೋಡಲು ಜನ ಮುಗಿಬೀಳುತ್ತಾರಂತೆ, ಸಾಹುಕಾರರು ಮನೆಗೇ ಕರೆಸಿಕೊಳ್ಳುತ್ತಾರಂತೆ. ಈಗಿನ ಗಾಡಿಗೆ ಮೇಲೊಂದು ಗೋಪುರದಂಥದ್ದನ್ನೂ ಕಟ್ಟಿಸಿದ್ದಾನೆ. ಯಾರೂ ಎತ್ತುಗಳನ್ನು ನೋಡುವುದಿಲ್ಲ. ಭಾದ್ರಪದದ ಕೊನೆಯ ಗಾಳಿಯಲ್ಲಿ ಬೂದ ಹರಿಹರದ ದಾರಿಯಲ್ಲಿ ಬಿದ್ದವನು ಏಳಲಿಲ್ಲ. ಮಾರನೆಯ ದಿನವೇ ಬೇರೆ ಎತ್ತು ಬಂತು.

ಆಮೇಲೆ ಬಂದ ಕೆಲಸ ಹೇಳಿದ. "ಹೆಣ್ಮಕ್ಳು ಪಟಕ್ಕೆ ಕೂರಾದಿಲ್ಲ ಅಮ್ಮಾರೆ, ನೀವಿಲ್ದೆ. ನಿಮ್ಮನ್ನ ಕರ್ಕಂಡು ಬಾ ಅಂದವ್ರೆ."

"ಗಾಡಿ ಇಳಿಸ್ತಾರಂತಾ?"

"ಇಲ್ಲ. ಅದೊಂದು ಮಾತು ಎತ್ತಬಾರ್ದು ಅಂದವ್ರೆ."

ದ್ಯಾಮಮ್ಮ ಒಳಗಿನಿಂದ ಹೊರಗೆ ಬಂದು ನಿಂತಳು. ಅಪ್ಪನೂ ಬಂದರು. ಎಷ್ಟೋ ದಿನಗಳ ಮೇಲೆ ಅಪ್ಪ ನನ್ನ ಕಡೆ ನೋಡಿ, "ಹೋಗು ತಾಯಿ, ಕರ್ದವ್ರಲ್ಲ," ಎಂದರು. ಅವರ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ, ಒಂದು ಕ್ಷಣ ಅವರಿಗಾಗಿ ಹೋಗಿಬಿಡಲೇ ಎನ್ನಿಸಿತು.

ಬರುವುದಿಲ್ಲ ಎಂದು ಕಾಟಪ್ಪನಿಗೆ ಹೇಳಿದೆ. ಅಪ್ಪ ಒಳಗೆ ಹೋದರು.

ಕಾಟಪ್ಪ ಲೋಟ ಕೆಳಗಿಟ್ಟ. "ಹಂಗಾದ್ರೆ ನಾನೂ ಇಲ್ಲೇ ಇರ್ಲಾ ಅಮ್ಮಾರೆ? ಕೂಳು ಹಾಕಿದ್ರೆ ಸಾಕು. ಅಲ್ಲಿ ನೋಡಾಕಾಗಲ್ಲ."

ನನಗೂ ಅವನು ಬೇಕಿತ್ತು. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವನು ಅವನೊಬ್ಬನೇ ಆಗುತ್ತಿದ್ದ.

"ಬ್ಯಾಡ ಕಾಟಪ್ಪ. ನೀನು ಹೋಗು," ಎಂದೆ. "ಆ ಎತ್ತುಗಳಿಗೆ ಅಲ್ಲಿ ಬೇರೆ ಯಾರೂ ಇಲ್ಲ."

ಅವನು ಕಣ್ಣೊರೆಸಿಕೊಂಡು ಎದ್ದ. ಯಜಮಾನರಿಗೆ ಏನು ಹೇಳಲಿ ಎಂದು ಕೇಳಿದ. ಏನೂ ಹೇಳಬೇಡ ಎಂದೆ. ಊರ ಮುಂದಿನ ಹುಣಸೆಮರ ದಾಟುವವರೆಗೂ ಅವನು ತಿರುಗಿ ತಿರುಗಿ ನೋಡುತ್ತಿದ್ದ.

ಕೆಂಚಕ್ಕನಿಗೆ ಇವತ್ತು ಮತ್ತೆ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಜುಂಜಣ್ಣ ಕೂಲಿಗೆ ಹೋಗಿದ್ದ, ಗಾಡಿ ಹೊಡೆಯುವವರು ಯಾರೂ ಇರಲಿಲ್ಲ. ಚೆನ್ನನನ್ನೂ ಅಪ್ಪನ ಎತ್ತೊಂದನ್ನೂ ತಂದು ನೊಗವನ್ನು ನಾನೇ ಎತ್ತಿದೆ. ದ್ಯಾಮಮ್ಮ ಜಗುಲಿಯಿಂದ, ಹೆಂಗಸು ಗಾಡಿ ಹೊಡೆಯುವುದನ್ನು ಎಲ್ಲಿಯೂ ಕಂಡಿಲ್ಲ ಎಂದಳು. ನಾನೂ ಕಂಡಿರಲಿಲ್ಲ. ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಕಾಟಪ್ಪನನ್ನು ಕೇಳಿಟ್ಟುಕೊಳ್ಳಬೇಕಿತ್ತು. ಮೂಕಿಯ ಮೇಲೆ ಕೂತೆ. ಹಗ್ಗವನ್ನು ಕೈಗೆ ತೆಗೆದುಕೊಂಡೆ. ಚೆನ್ನ ತಾನಾಗಿಯೇ ಹೆಜ್ಜೆ ಹಾಕಿದ.